ಹೊಡೆಯೋದು ಆಗುತ್ತೆ, ತರೋದು ಆಗುತ್ತಾ? ಸ್ಯಾಮನ್ ಕಮರಿಯ ಜಿಂಕೆ ಬೇಟೆ

ಸ್ಯಾಮನ್ ನದಿ ಅಮೆರಿಕದ ಐಡಾಹೊ ರಾಜ್ಯದಲ್ಲೇ ಹುಟ್ಟಿ, ರಾಜ್ಯದ ಪಶ್ಚಿಮ ಗಡಿಯಲ್ಲಿ ಸ್ನೇಕ್ ನದಿಯನ್ನು ಸೇರುತ್ತದೆ. ಉದ್ದ ಸುಮಾರು 425 ಮೈಲಿ. ಮುಖ್ಯ ಹರಿವಿಗೆ ಎಲ್ಲಿಯೂ ಅಣೆಕಟ್ಟಿಲ್ಲ. 1805ರ ಆಗಸ್ಟ್‌ನಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ತಂಡ ಪೆಸಿಫಿಕ್ ಸಾಗರಕ್ಕೆ ದಾರಿ ಹುಡುಕುತ್ತ ಬಂದಾಗ, ಕ್ಲಾರ್ಕ್ ಈ ಕಮರಿಯ ಮೇಲ್ಭಾಗದಲ್ಲಿ ಒಂದಷ್ಟು ದೂರ ಇಳಿದು ನೋಡಿ, ಇಲ್ಲಿ ದೋಣಿಯೂ ಸಾಗದು, ದಂಡೆಯಲ್ಲಿ ಕುದುರೆಯೂ ನಡೆಯದು ಎಂದು ತೀರ್ಮಾನಿಸಿ ಹಿಂದಿರುಗಿದ. ಆಮೇಲೆ ಬಂದವರು ಇದನ್ನು ಮರಳಿ ಬಾರದ ನದಿ ಎಂದೇ ಕರೆದರು. ಹರಿವಿನ ಜೊತೆ ಕೆಳಗೆ ಹೋದ ದೋಣಿಯನ್ನು ಎದುರು ಹರಿವಿನಲ್ಲಿ ತರುವುದು ಸಾಧ್ಯವಿರಲಿಲ್ಲ.

ನಾನು ಬೇಟೆಗೆ ಹೋಗುವುದು ಕ್ಲಾರ್ಕ್ ಕಂಡ ಜಾಗಕ್ಕಿಂತ ಬಹಳ ಕೆಳಗೆ, ರಿಗ್ಗಿನ್ಸ್ ಮತ್ತು ವೈಟ್ ಬರ್ಡ್ ಎಂಬ ಊರುಗಳ ನಡುವೆ. ಅಲ್ಲಿ 95ನೇ ನಂಬರಿನ ಹೆದ್ದಾರಿ ನದಿಗೆ ಅಂಟಿಕೊಂಡೇ ಸಾಗುತ್ತದೆ. ರಸ್ತೆ ಬದಿಯಲ್ಲಿ ನಿಂತು ಕತ್ತೆತ್ತಿದರೆ ಗುಡ್ಡದ ತುದಿ ಕಾಣುವುದಿಲ್ಲ, ಅದರ ಮೊದಲ ಭುಜ ಮಾತ್ರ ಕಾಣುತ್ತದೆ. ಪಶ್ಚಿಮದ ಏಣನ್ನು, ಅಂದರೆ ಗುಡ್ಡದ ನೆತ್ತಿಯ ಸಾಲನ್ನು ದಾಟಿದರೆ ಸ್ನೇಕ್ ನದಿಯ ಹೆಲ್ಸ್ ಕ್ಯಾನ್ಯನ್. ಸುತ್ತಲ ಅತಿ ಎತ್ತರದ ಶಿಖರದಿಂದ ಅಳೆದರೆ ಅದರ ಆಳ 7,900 ಅಡಿಗೂ ಹೆಚ್ಚು, ಗ್ರ್ಯಾಂಡ್ ಕ್ಯಾನ್ಯನ್ನನ್ನೂ ಮೀರಿಸಿದ್ದು. ಇಂಥ ನೆಲದಲ್ಲಿ ಜಿಂಕೆ ಹೊಡೆಯುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಮಾತು ಶುರು ಮಾಡುವುದು ಕೊನೆಯಿಂದ: ಹೊಡೆದದ್ದನ್ನು ಕೆಳಗೆ ತರುವುದು ಹೇಗೆ? ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಕೋವಿಯ ಮಾತು.

ನಾನು ಸಕಲೇಶಪುರದ ಕಡೆಯವನು. ಕೆಲಸದ ಮೇಲೆ ಐಡಾಹೊದ ರಾಜಧಾನಿ ಬಾಯ್ಸಿಗೆ ಬಂದು ನೆಲೆಸಿದವನು. ನಮ್ಮ ಕಡೆ ಹಿರಿಯರ ಬಾಯಲ್ಲಿ ಈಡು, ತೋಟಾ, ಹಳು ಸೋವುವುದು (ಪೊದೆ ಬಡಿದು ಪ್ರಾಣಿಗಳನ್ನು ಎಬ್ಬಿಸಿ ಓಡಿಸುವುದು) ಎಂಬ ಮಾತುಗಳು ಕಥೆಗಳಾಗಿ ಮಾತ್ರ ಉಳಿದಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನನಗೆ ಬೇಟೆ ಎಂದರೆ ಕಾನೂನು ನಿಲ್ಲಿಸಿದ ಒಂದು ಹಳೆಯ ಕಾಲ, ಅಷ್ಟೇ. ಅದು ನಿಂತದ್ದು ಸರಿ ಎಂದೇ ಇವತ್ತಿಗೂ ನಂಬಿದ್ದೇನೆ. ನಮ್ಮ ಕಾಡಿನ ಅಳತೆಗೂ ನಮ್ಮ ಜನರ ಸಂಖ್ಯೆಗೂ ಅದು ಹೊಂದುವುದಿಲ್ಲ. ಐಡಾಹೊದ ಲೆಕ್ಕ ಬೇರೆ. ಇಲ್ಲಿ ಪ್ರತಿ ಜಿಂಕೆಗೂ ಒಂದು ಟ್ಯಾಗ್, ಅಂದರೆ ಅದೊಂದನ್ನು ಹೊಡೆಯಲು ಕೊಡುವ ಅನುಮತಿ ಚೀಟಿ ಬೇಕು, ಪ್ರತಿ ಪ್ರದೇಶಕ್ಕೂ ತನ್ನದೇ ಬೇಟೆಯ ದಿನಾಂಕಗಳಿವೆ. 1937ರ ಪಿಟ್ಮನ್–ರಾಬರ್ಟ್ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲೆ ಬೀಳುವ ಶೇ. 11ರ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಇದನ್ನೆಲ್ಲ ಓದಿ, ಕಚೇರಿಯ ಹಿರಿಯ ಗೆಳೆಯರೊಬ್ಬರ ಜೊತೆ ಕೋವಿಯಿಲ್ಲದೆ ಗುಡ್ಡ ಹತ್ತಿ ಬಂದ ಮೇಲೆಯೇ ನಾನು ಮನಸ್ಸು ಮಾಡಿದ್ದು.

ಇಲ್ಲಿರುವ ನಮ್ಮವರು ತುಂಬ ಕೇಳುವುದು ವೀಸಾದ ವಿಷಯ. ಹೆಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ನಾನು ಆ ವಿನಾಯಿತಿಯ ದಾರಿ ಹಿಡಿಯಲಿಲ್ಲ, ಗ್ರೀನ್ ಕಾರ್ಡ್ ಬರುವವರೆಗೂ ಕಾದೆ. ಕಾಗದಪತ್ರದ ವಿಷಯದಲ್ಲಿ ಮನಸ್ಸು ಹಗುರವಾಗಿರಬೇಕು. 1975ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಐಡಾಹೊದಲ್ಲಿ ಬೇಟೆಗಾರರ ತರಬೇತಿ ಕಡ್ಡಾಯ. ಮೊದಲು ಆನ್‌ಲೈನ್ ಪಾಠ, ಆಮೇಲೆ ಮೈದಾನದಲ್ಲಿ ಪರೀಕ್ಷೆ. ನನ್ನ ಸರದಿಯಲ್ಲಿ ಅಕ್ಕಪಕ್ಕ ಹತ್ತು ಹನ್ನೊಂದರ ಹುಡುಗ ಹುಡುಗಿಯರು ನಿಂತಿದ್ದರು. ಬೇಲಿ ದಾಟುವಾಗ ಕೋವಿಯನ್ನು ಹೇಗೆ ಇಳಿಸಬೇಕು, ಗುರಿಯ ಹಿಂದೆ ಏನಿದೆ ಎಂದು ಹೇಗೆ ನೋಡಬೇಕು ಎಂಬುದನ್ನು ಆ ಮಕ್ಕಳು ಎಷ್ಟು ಶ್ರದ್ಧೆಯಿಂದ ಮಾಡಿ ತೋರಿಸಿದರೆಂದರೆ, ಆ ಮಧ್ಯಾಹ್ನವೇ ನನಗೆ ಈ ಜನರ ಮೇಲೆ ಗೌರವ ಹುಟ್ಟಿತು.

ಕೋವಿ ಪಾಯಿಂಟ್ 308 ವಿಂಚೆಸ್ಟರ್ ಎಂಬ ಅಳತೆಯ ತೋಟಾದ್ದು, ಗುರಿಯನ್ನು 200 ಗಜಕ್ಕೆ ಹೊಂದಿಸಿದ್ದು. ಗುಂಡು ಪೂರ್ತಿ ತಾಮ್ರದ್ದು. ಸೀಸದ ಗುಂಡು ಒಳಗೆ ಚೂರಾಗಿ ಮಾಂಸದಲ್ಲಿ ಉಳಿಯುತ್ತದೆ, ಮನೆಯಲ್ಲಿ ಮಕ್ಕಳು ತಿನ್ನುವ ಪದಾರ್ಥದಲ್ಲಿ ಅದು ಇರಕೂಡದು. ಕೋವಿಗಿಂತ ಹೆಚ್ಚು ದುಡ್ಡು ಮತ್ತು ಯೋಚನೆ ಹೋದದ್ದು ಕಾಲಿಗೆ ಮತ್ತು ಬೆನ್ನಿಗೆ: ಪಾದ ಹೊರಳದಂತೆ ಹಿಡಿಯುವ ಗಟ್ಟಿ ಬೂಟು, ಎರಡು ಊರುಗೋಲು, ಚೌಕಟ್ಟಿರುವ ಬೆನ್ನುಚೀಲ. ಬೇಸಗೆ ಪೂರ್ತಿ ಬಾಯ್ಸಿ ಪಕ್ಕದ ಒಣ ಗುಡ್ಡಗಳಲ್ಲಿ ಆ ಚೀಲಕ್ಕೆ ನೀರಿನ ಕ್ಯಾನುಗಳನ್ನು ತುಂಬಿ ಹತ್ತಿದೆ. ಅದಕ್ಕಿಂತ ಮುಖ್ಯವಾಗಿ ಇಳಿದೆ. ಏರು ಉಸಿರನ್ನು ಕೇಳುತ್ತದೆ, ಇಳಿಜಾರು ಮೊಣಕಾಲನ್ನು ಕೇಳುತ್ತದೆ. ಕಮರಿಯಲ್ಲಿ ಮೊಣಕಾಲು ಕೈಕೊಟ್ಟರೆ ಹಿಂದಿರುಗುವ ದಾರಿಯೇ ಮುಚ್ಚಿದಂತೆ.

ನಾವು ಹುಡುಕುವುದು ಮ್ಯೂಲ್ ಡಿಯರ್ ಎಂಬ ಜಾತಿಯನ್ನು. ಹೇಸರಗತ್ತೆಯಂಥ ದೊಡ್ಡ ಕಿವಿ ಇರುವುದರಿಂದ ಆ ಹೆಸರು. ಗಂಡಿನ ಕೊಂಬು ಎರಡಾಗಿ ಕವಲೊಡೆದು, ಆ ಕವಲು ಮತ್ತೆ ಎರಡಾಗುತ್ತದೆ. ನಮ್ಮ ಚುಕ್ಕೆ ಜಿಂಕೆಗಿಂತ ಮೈಕಟ್ಟು ದಪ್ಪ, ತುಂಬು ಪ್ರಾಯದ ಗಂಡು 200 ಪೌಂಡ್ ದಾಟುವುದುಂಟು. ಬೆದರಿದಾಗ ನಾಲ್ಕು ಕಾಲನ್ನೂ ಒಟ್ಟಿಗೆ ನೆಲಕ್ಕೆ ಒದ್ದು ನೆಗೆಯುತ್ತದೆ. ನಾವು ಕೈಯೂರಿ ಹತ್ತುವ ಇಳಿಜಾರನ್ನು ಅದು ಆ ನೆಗೆತದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತದೆ. ಆದ್ದರಿಂದ ಇಲ್ಲಿ ಬೆನ್ನಟ್ಟುವ ಮಾತೇ ಇಲ್ಲ, ಹಳು ಸೋವುವುದೂ ಇಲ್ಲ. ಕೂತು, ದುರ್ಬೀನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಎದುರಿನ ಗುಡ್ಡವನ್ನು ತುಂಡು ತುಂಡಾಗಿ ನೋಡುವುದೇ ಬೇಟೆಯ ಬಹುಪಾಲು.

ಮೇಲಿನಿಂದ ಇಳಿಯಬೇಕೋ, ಕೆಳಗಿನಿಂದ ಹತ್ತಬೇಕೋ ಎಂಬುದು ಕಮರಿಯ ಮೊದಲ ತೀರ್ಮಾನ. ಏಣಿನ ಮೇಲೆ ಅರಣ್ಯ ಇಲಾಖೆಯ ಮಣ್ಣು ರಸ್ತೆಗಳಿವೆ. ಅಲ್ಲಿ ಜೀಪು ನಿಲ್ಲಿಸಿ ಬೆಳಗ್ಗೆ ಆರಾಮಾಗಿ ಇಳಿದು ಬೇಟೆಯಾಡಬಹುದು. ಆದರೆ ಹೊಡೆದ ಮೇಲೆ ಪ್ರತಿ ಪೌಂಡನ್ನೂ ಮೇಲಕ್ಕೇ ಹೊರಬೇಕು, ಸುಸ್ತಾದ ಮೈಯಲ್ಲಿ, ಬಹುತೇಕ ಕತ್ತಲಲ್ಲಿ. ಕೆಳಗಿನಿಂದ ಹೊರಟರೆ ಖಾಲಿ ಚೀಲದಲ್ಲಿ ಹತ್ತಿ, ತುಂಬಿದ ಚೀಲದಲ್ಲಿ ಇಳಿಯುತ್ತೇವೆ. ನನ್ನ ಜೊತೆ ಬರುವ ಆ ಹಿರಿಯ ಗೆಳೆಯರು ಈ ಕಮರಿಯಲ್ಲೇ ಬೆಳೆದವರು, ವಯಸ್ಸು ಅರವತ್ತು ದಾಟಿದೆ. ನದಿಯಿಂದ ಹತ್ತುವುದೇ ಅವರ ಪದ್ಧತಿ. ತಾನಿರುವ ಎತ್ತರಕ್ಕಿಂತ ಕೆಳಗೆ ಸಿಕ್ಕ ಜಿಂಕೆಯ ಮೇಲೆ ಅವರು ಗುರಿಯನ್ನೇ ಇಡುವುದಿಲ್ಲ. ನದಿ ದಂಡೆಯ ಬಹಳಷ್ಟು ನೆಲ ದನ ಸಾಕುವ ಖಾಸಗಿ ರ‍್ಯಾಂಚುಗಳದ್ದು, ಸರ್ಕಾರಿ ನೆಲ ಅದರ ಮೇಲೆ ಶುರುವಾಗುತ್ತದೆ. ಹಾಗಾಗಿ ಯಾವ ಕೊರಕಲಿನಿಂದ ಹತ್ತಬಹುದು, ಯಾವುದಕ್ಕೆ ಮಾಲೀಕರ ಅನುಮತಿ ಬೇಕು ಎಂಬುದನ್ನು ಫೋನಿನ ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಂಡಿದ್ದೆವು. ನಾವು ಹಾದುಹೋದ ರ‍್ಯಾಂಚಿನ ಅಜ್ಜಿ ಅನುಮತಿ ಕೊಟ್ಟದ್ದಲ್ಲದೆ, ಗೇಟನ್ನು ಹೇಗಿದ್ದರೆ ಹಾಗೆಯೇ ಬಿಡಬೇಕೆಂದು ಎರಡೆರಡು ಸಲ ಹೇಳಿದರು. ಮುಚ್ಚಿದ್ದರೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಇರಬೇಕು.

ಎರಡನೆಯ ತೀರ್ಮಾನ ಗಾಳಿಯದು. ನನ್ನ ಪ್ರಕಾರ ಕಮರಿಯ ಬೇಟೆಯ ತಿರುಳೇ ಇದು. ರಾತ್ರಿಯ ತಣ್ಣನೆ ಗಾಳಿ ಭಾರ, ಅದು ಬೆಳಗಿನವರೆಗೂ ಕೊರಕಲುಗಳಲ್ಲಿ ಕೆಳಮುಖವಾಗಿ ಇಳಿಯುತ್ತಿರುತ್ತದೆ. ಬಿಸಿಲು ಬಿದ್ದು ನೆಲ ಕಾಯುತ್ತಿದ್ದಂತೆ ಗಾಳಿ ಹಗುರಾಗಿ ಮೇಲೇರತೊಡಗುತ್ತದೆ. ಸಂಜೆ ನೆರಳು ಬಿದ್ದ ಮೇಲೆ ಮತ್ತೆ ಇಳಿಮುಖ. ಜಿಂಕೆಯ ಕಣ್ಣಿಗೆ ಒಮ್ಮೆ ಮರೆ ಮಾಡಬಹುದು, ಕಿವಿಗೆ ಒಮ್ಮೆ ಮರೆ ಮಾಡಬಹುದು, ಮೂಗಿಗೆ ಸಾಧ್ಯವೇ ಇಲ್ಲ. ಹೀಗಾಗಿ ಬೆಳಗಿನ ಜಾವ ಜಿಂಕೆಗಿಂತ ಕೆಳಗಿರುವವನು ಸುರಕ್ಷಿತ, ಹತ್ತು ಗಂಟೆಯ ಹೊತ್ತಿಗೆ ಅವನೇ ಸಿಕ್ಕಿಬೀಳುವವನು. ನದಿಯಿಂದ ಹತ್ತುವ ಪದ್ಧತಿಗೆ ಇರುವ ಬೆಲೆ ಇದು. ಇದಕ್ಕೆ ಗೆಳೆಯರ ಪರಿಹಾರ ಸರಳವಾದದ್ದು. ಜಿಂಕೆ ಇರುವ ಇಳಿಜಾರನ್ನು ಮುಟ್ಟಲೇಬಾರದು. ಕೊರಕಲಿನ ಈಚೆಯ ಏಣನ್ನು ಹತ್ತಿ, ಆಚೆಯ ಇಳಿಜಾರನ್ನು ನೋಡಬೇಕು. ನಮ್ಮ ವಾಸನೆ ನಮ್ಮ ಗುಡ್ಡದಲ್ಲೇ ಮೇಲೇರಿ ಹೋಗುತ್ತದೆ, ನಡುವಿನ ಕೊರಕಲು ಬೇಲಿಯಾಗುತ್ತದೆ. ಜೇಬಿನಲ್ಲಿ ಸಣ್ಣ ಬಾಟಲಿಯಲ್ಲಿ ನುಣುಪು ಪುಡಿ ಇರುತ್ತದೆ. ಹತ್ತು ಹೆಜ್ಜೆಗೊಮ್ಮೆ ಅದನ್ನು ಒತ್ತಿ, ಪುಡಿ ಯಾವ ಕಡೆ ತೇಲಿತು ಎಂದು ಅವರು ನೋಡುತ್ತಲೇ ಇರುತ್ತಾರೆ.

ಅಕ್ಟೋಬರ್ 10ಕ್ಕೆ ಬೇಟೆಯ ಅವಧಿ ತೆರೆಯಿತು. ಮೊದಲ ವಾರದ ಜನಜಂಗುಳಿ ಇಳಿದ ಮೇಲೆ ನಾವು ಹೊರಟೆವು. ಬಾಯ್ಸಿಯಿಂದ ಕ್ಯಾಸ್ಕೇಡ್, ಮೆಕಾಲ್ ಮಾರ್ಗವಾಗಿ ನ್ಯೂ ಮೆಡೋಸ್ ತಲುಪಿ, ಅಲ್ಲಿಂದ ಲಿಟ್ಲ್ ಸ್ಯಾಮನ್ ನದಿಯ ಜೊತೆ ಇಳಿದರೆ ರಿಗ್ಗಿನ್ಸ್. ಇಲ್ಲಿ ಒಂದು ವಿಶೇಷವಿದೆ. ಊರು ದಾಟಿ ಉತ್ತರಕ್ಕೆ ಹೋಗುವ ಸೇತುವೆಯಲ್ಲೇ ಅಮೆರಿಕದ ಎರಡು ಕಾಲವಲಯಗಳ ಗಡಿ. ರಿಗ್ಗಿನ್ಸ್‌ನಲ್ಲಿ ಎಂಟು ಗಂಟೆಯಾದರೆ ಸೇತುವೆಯ ಆಚೆ ಏಳು. ಬೇಟೆಗೆ ಅನುಮತಿ ಇರುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ ಮಾತ್ರ. ಫೋನು ಯಾವ ಗೋಪುರದ ಸಿಗ್ನಲ್ ಹಿಡಿದಿದೆ ಎಂಬುದರ ಮೇಲೆ ಗಂಟೆ ತೋರಿಸುತ್ತದೆಯಾದ್ದರಿಂದ, ಕೈಗಡಿಯಾರವನ್ನು ಉತ್ತರದ ಸಮಯಕ್ಕೆ ತಿರುಗಿಸಿಟ್ಟುಕೊಂಡೆವು.

ಕತ್ತಲಲ್ಲೇ, ತಲೆದೀಪದ ಬೆಳಕಿನಲ್ಲಿ ಹತ್ತಿದೆವು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಮರವೇ ಇಲ್ಲ, ಒಣಗಿದ ಹುಲ್ಲು. ಆ ಹುಲ್ಲು ಬೂಟಿನ ಕೆಳಗೆ ಜಾರುತ್ತದೆ. ಉತ್ತರಕ್ಕೆ ಮುಖ ಮಾಡಿದ ಕಡೆ ಪಾಂಡರೋಸಾ ಪೈನ್, ಡಗ್ಲಸ್ ಫರ್ ಮರಗಳ ಕಾಡು. ಒಂದೇ ಗುಡ್ಡಕ್ಕೆ ಎರಡು ಮುಖ, ಜಿಂಕೆಯ ದಿನಚರಿ ಈ ಎರಡರ ನಡುವೆ ನಡೆಯುತ್ತದೆ. ರಾತ್ರಿ ಮತ್ತು ಮುಂಜಾವ ಹುಲ್ಲಿನಲ್ಲಿ ಮೇಯುತ್ತದೆ, ಬಿಸಿಲೇರಿದಾಗ ನೆರಳಿನ ಹಕ್ಕೆಗೆ ಸರಿಯುತ್ತದೆ. ಕೊರಕಲಿನ ತಳದಲ್ಲಿ ಪಾಯ್ಸನ್ ಐವಿ ಬಳ್ಳಿ ಕೆಂಪಾಗಿ ನಿಂತಿರುತ್ತದೆ, ಮುಟ್ಟಿದರೆ ವಾರಗಟ್ಟಲೆ ತುರಿಕೆ. ಬಿಸಿಲಿನ ದಿನಗಳಲ್ಲಿ ಅಕ್ಟೋಬರ್‌ನಲ್ಲೂ ಬುಡುಬುಡಿಕೆ ಹಾವು ಬಂಡೆಯ ಮೇಲೆ ಬರುತ್ತದೆ. ಹಾಗಾಗಿ ಕೈಯೂರುವ ಮುಂಚೆ ದೀಪದ ಬೆಳಕು ಹಾಯಿಸಿ ನೋಡಬೇಕು. ಅರ್ಧ ಹತ್ತಿದಾಗ ಕಾಲ ಬುಡದಿಂದ ಚಕೋರದ ಹಿಂಡೊಂದು ಭರ್ರೆಂದು ಎದ್ದು ಕೆಳಗಿನ ಕತ್ತಲಿಗೆ ಧುಮುಕಿತು. ಭಾರತ ಉಪಖಂಡದ ವಾಯವ್ಯ ಬೆಟ್ಟಗಳಿಂದ 1893ರಲ್ಲಿ ಅಮೆರಿಕಕ್ಕೆ ಮೊದಲು ತಂದ ಹಕ್ಕಿ ಅದು. ಈ ಒಣ ಕಮರಿಗಳು ಅದಕ್ಕೆ ತವರಿನಷ್ಟೇ ಒಗ್ಗಿಬಿಟ್ಟಿವೆ.

ಬೆಳಕು ಹರಿಯುವಾಗ ನಾವು ನದಿಯಿಂದ ಸುಮಾರು ಎರಡು ಸಾವಿರ ಅಡಿ ಮೇಲಿದ್ದೆವು. ಬೆವರಿದ ಒಳ ಅಂಗಿ ಬದಲಿಸಿ, ಬೆಚ್ಚನೆಯದು ಹಾಕಿ, ಪೈನ್ ಬುಡಕ್ಕೆ ಬೆನ್ನು ಕೊಟ್ಟು ಕೂತೆವು. ದುರ್ಬೀನಿನಲ್ಲಿ ಜಿಂಕೆಯನ್ನೇ ಹುಡುಕಬಾರದು ಎಂದು ಅವರು ಹೇಳಿಕೊಟ್ಟಿದ್ದರು. ಅಡ್ಡ ಗೆರೆಯನ್ನು ಹುಡುಕು, ಗುಡ್ಡದಲ್ಲಿ ಎಲ್ಲವೂ ನೆಟ್ಟಗೆ ಅಥವಾ ಓರೆಯಾಗಿ ನಿಂತಿರುತ್ತದೆ, ಜಿಂಕೆಯ ಬೆನ್ನು ಮಾತ್ರ ಅಡ್ಡ ಎಂದು. ಹೀಗೆ ನೋಡುತ್ತ ಹೋದಾಗ ಮೊದಲು ಹೆಣ್ಣುಗಳು, ಮರಿಗಳು, ಆಮೇಲೆ ಎಳೆಯದೊಂದು ಗಂಡು ಕಂಡವು. ಕೊನೆಗೆ, ಬಸಾಲ್ಟ್ ಕಲ್ಲಿನ ಕಡಿದಾದ ಬರೆಯ ನೆತ್ತಿಯಲ್ಲಿ, ಒಂದು ದೊಡ್ಡ ಗಂಡು.

ಎಂಥ ಗಂಡು ಅದು! ಕೊಂಬು ಕಿವಿಯ ತುದಿಗಳಿಂದಲೂ ಆಚೆ ಚಾಚಿತ್ತು, ಕುತ್ತಿಗೆ ಆಗಲೇ ದಪ್ಪವಾಗತೊಡಗಿತ್ತು. ದೂರ 300 ಗಜಕ್ಕಿಂತ ಕಡಿಮೆ. ಕೋವಿ ಚೀಲದ ಮೇಲೆ ಒರಗಿತ್ತು, ಗಾಳಿ ಇನ್ನೂ ಇಳಿಮುಖವಾಗಿತ್ತು, ಗಂಡು ಪಕ್ಕೆ ತೋರಿಸಿ ನಿಂತಿತ್ತು. ಗೆಳೆಯರು ದುರ್ಬೀನಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು, "ಹೊಡೆಯೋದು ಆಗುತ್ತೆ. ತರೋದು ಆಗುತ್ತಾ, ನೋಡು."

ನೋಡಿದೆ. ಜಿಂಕೆಯ ಕೆಳಗೆ ಹತ್ತಿಪ್ಪತ್ತು ಗಜ ಹುಲ್ಲು, ಅದರ ಕೆಳಗೆ ಬರೆ. ಬರೆಯ ಬುಡ ನಮಗೆ ಕಾಣದ ಒಂದು ಸೀಳಿನೊಳಗೆ ಹೋಗುತ್ತಿತ್ತು. ಗುಂಡು ಎಷ್ಟೇ ಸರಿಯಾದ ಜಾಗಕ್ಕೆ ಬಿದ್ದರೂ ಜಿಂಕೆ ನಿಂತಲ್ಲೇ ಬೀಳುವುದು ಅಪರೂಪ. ಶ್ವಾಸಕೋಶಕ್ಕೆ ಪೆಟ್ಟು ತಿಂದದ್ದು ಮೂವತ್ತು, ಐವತ್ತು, ಕೆಲವೊಮ್ಮೆ ನೂರು ಗಜ ಓಡುತ್ತದೆ, ಗಾಯಗೊಂಡದ್ದು ಓಡುವುದು ಹೆಚ್ಚಾಗಿ ಇಳಿಮುಖಕ್ಕೇ. ಇದು ಓಡಿದರೆ ಬರೆಯಿಂದ ಆಚೆ. ಅಷ್ಟು ಎತ್ತರದಿಂದ ಬಿದ್ದ ಮೇಲೆ ಮಾಂಸ ಮಾಂಸವಾಗಿ ಉಳಿಯುವುದಿಲ್ಲ. ಹಗ್ಗವಿಲ್ಲದೆ ಆ ಸೀಳಿಗೆ ಇಳಿಯುವ ದಾರಿ ನಕ್ಷೆಯಲ್ಲೂ ಇರಲಿಲ್ಲ, ಕಣ್ಣಿಗೂ ಕಾಣಲಿಲ್ಲ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಐಡಾಹೊದಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನನಗೆ ಅದು ಆಗದ ಮಾತು. ಒಂದು ಜೀವ ತೆಗೆಯುವ ಹಕ್ಕು ನನಗೆ ಬರುವುದೇ ಅದನ್ನು ಪೂರ್ತಿಯಾಗಿ ಮನೆಗೆ ತರುವ ಹೊಣೆಯ ಜೊತೆ. ಕೋವಿಯ ಸೇಫ್ಟಿ ತೆಗೆದಿರಲಿಲ್ಲ, ಹಾಗೆಯೇ ಬಿಟ್ಟೆ. ಗಂಡು ಬಿಸಿಲು ಮುಟ್ಟುವವರೆಗೂ ಅಲ್ಲೇ ಮೇಯ್ದು ಏಣಿನ ಆಚೆ ಹೋಯಿತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಆ ಮುಕ್ಕಾಲು ಗಂಟೆಯನ್ನು ನಾನು ಯಾವ ಬೇಟೆಗೂ ಬದಲಾಯಿಸಿಕೊಳ್ಳಲಾರೆ.

ಒಂಬತ್ತೂವರೆ ಸುಮಾರಿಗೆ ಪುಡಿ ಗಾಳಿಯಲ್ಲಿ ತಡವರಿಸಿ, ಆಮೇಲೆ ಮೇಲಕ್ಕೆ ತೇಲಿತು. ಗಾಳಿ ತಿರುಗಿತ್ತು. ನಾವು ಎತ್ತರ ಬಿಡದೆ ಅಡ್ಡಡ್ಡವಾಗಿ ನಡೆದು ಮುಂದಿನ ಏಣಿಗೆ ಹೋದೆವು. ಇಳಿಜಾರಿನಲ್ಲಿ ಅಡ್ಡ ನಡೆಯುವುದು ಹತ್ತುವುದಕ್ಕಿಂತಲೂ ಕಷ್ಟ. ಕೆಳಗಿನ ಕಾಲಿನ ಪಾದ ಸದಾ ಹೊರಳಿಕೊಂಡೇ ಇರುತ್ತದೆ, ಸಡಿಲ ಕಲ್ಲು ಜಾರಿದರೆ ಅದರ ಸದ್ದು ಕೊರಕಲಿನ ತಳ ಮುಟ್ಟುವವರೆಗೂ ಕೇಳುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬಾರದು. ಅಲ್ಲಿಂದ ಎದುರಿನ ಇಳಿಜಾರಿನಲ್ಲಿ ಇನ್ನೊಂದು ಗಂಡು ಸಿಕ್ಕಿತು. ನಡುಪ್ರಾಯದ್ದು, ಪಕ್ಕಕ್ಕೆ ಮೂರು ಕವಲು. ಮೌಂಟನ್ ಮಹಾಗನಿ ಪೊದೆಯ ನೆರಳಿನಲ್ಲಿ ಹಕ್ಕೆ ಮಾಡಿ ಮಲಗಿತ್ತು. ಅದರ ಕೆಳಗಿನ ನೆಲವನ್ನು ಈ ಸಲ ನಾನೇ ಮೊದಲು ಓದಿದೆ. ಹುಲ್ಲು, ಪೊದೆ, ಒಂದು ಸಾಲು ಪೈನ್, ಆಮೇಲೆ ನಡೆದು ದಾಟಬಹುದಾದ ಕೊರಕಲು, ಅದರ ತಳದಿಂದ ನದಿಯವರೆಗೆ ನಾವು ಹತ್ತಿ ಬಂದದ್ದೇ ಏಣು. ಎಲ್ಲಿ ಬಿದ್ದರೂ ತರಬಹುದು. ಗೆಳೆಯರು ತಲೆಯಾಡಿಸಿದರು.

ಮಲಗಿದ ಜಿಂಕೆಗೆ ಹೊಡೆಯುವುದಿಲ್ಲ. ಪೊದೆಯ ಕಡ್ಡಿಗಳು ಅಡ್ಡ, ಎದೆಯ ಜಾಗ ಮಡಚಿಕೊಂಡಿರುತ್ತದೆ. ಹಾಗಾಗಿ ಕಾದೆವು. ನೆರಳು ಸರಿದಾಗ ಅದೊಮ್ಮೆ ಎದ್ದು, ಎರಡು ಹೆಜ್ಜೆಯಿಟ್ಟು, ಪೊದೆಯ ಆಚೆ ಬದಿಗೆ ಮತ್ತೆ ಮಲಗಿತು. ಆ ಕಾಯುವಿಕೆಯಲ್ಲೇ ಕೋನದ ಲೆಕ್ಕವನ್ನು ಇನ್ನೊಮ್ಮೆ ಮಾಡಿಕೊಂಡೆ. ಗುಂಡನ್ನು ಗುರುತ್ವ ಎಳೆಯುವುದು ಅದು ಸಾಗಿದ ಅಡ್ಡ ದೂರಕ್ಕೆ ತಕ್ಕಂತೆ, ಓರೆ ದೂರಕ್ಕಲ್ಲ. ಜಿಂಕೆ ನಮಗಿಂತ ಮೇಲೆ, ಓರೆಯಾಗಿ 240 ಗಜ, ಕೋನ 28 ಡಿಗ್ರಿ. 28ರ ಕೊಸೈನ್ 0.88. ಅಂದರೆ ಸುಮಾರು 212 ಗಜಕ್ಕೆ ಹಿಡಿಯುವಂತೆ ಹಿಡಿಯಬೇಕು. ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ಅಂದುಕೊಂಡದ್ದಕ್ಕಿಂತ ಎತ್ತರಕ್ಕೇ ಬೀಳುತ್ತದೆ ಎಂಬುದನ್ನು ಬಯಲಿನಲ್ಲಿ ಕಲಿತವರು ಬೇಗ ನಂಬುವುದಿಲ್ಲ. ಈಗಿನ ದೂರಮಾಪಕಗಳು ಈ ಲೆಕ್ಕವನ್ನು ತಾವೇ ಮಾಡಿಕೊಡುತ್ತವೆ. ಆದರೂ ಯಂತ್ರ ಹೇಳಿದ್ದು ಯಾಕೆ ಸರಿ ಎಂದು ಗೊತ್ತಿದ್ದರೆ ಬೆರಳು ಗಟ್ಟಿಯಾಗಿರುತ್ತದೆ.

ಮೂರು ಗಂಟೆಯ ಮೇಲೆ, ಆ ಇಳಿಜಾರಿಗೆ ನೆರಳು ಬೀಳುತ್ತಿದ್ದಂತೆ, ಅದು ಎದ್ದು ಮೈ ಮುರಿದು ಪಕ್ಕೆ ತೋರಿಸಿ ನಿಂತಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿಯಿಟ್ಟು ಒತ್ತಿದೆ. ಸದ್ದು ಕಮರಿಯಲ್ಲಿ ಉರುಳಿಕೊಂಡು ಹೋಯಿತು. ಗಂಡು ಕೆಳಮುಖವಾಗಿ ನಲವತ್ತು ಗಜದಷ್ಟು ಓಡಿ ಪೈನ್ ಸಾಲಿಗೆ ತಾಗಿ ಬಿದ್ದು, ಮತ್ತೆ ಅಲುಗಲಿಲ್ಲ. ಅರ್ಧ ಗಂಟೆ ಯಾರೂ ಏಳಲಿಲ್ಲ. ಸತ್ತಿದೆ ಎಂದು ಖಚಿತವಾಗದೆ ಹತ್ತಿರ ಹೋದರೆ, ಉಳಿದ ಉಸಿರಿನಲ್ಲಿ ಅದು ಇನ್ನೊಂದು ಕೊರಕಲು ದಾಟಬಹುದು. ಕೊರಕಲು ಇಳಿದು ಹತ್ತಿ ಅದರ ಬಳಿ ಹೋದಾಗ ನಾನು ಕೈಯನ್ನು ಅದರ ಕುತ್ತಿಗೆಯ ಮೇಲೆ ಇಟ್ಟೆ. ಇನ್ನೂ ಬೆಚ್ಚಗಿತ್ತು. ಸಂತೋಷವೂ ದುಃಖವೂ ಒಟ್ಟಿಗೇ ಬಂದವು. ಎರಡನ್ನೂ ಅದುಮಲಿಲ್ಲ, ಗೆಳೆಯರೂ ಅವಸರ ಮಾಡಲಿಲ್ಲ.

ಮೊದಲ ಕೆಲಸ ಟ್ಯಾಗ್. ತಿಂಗಳು ಮತ್ತು ದಿನಾಂಕದ ತ್ರಿಕೋನಗಳನ್ನು ಚಾಕುವಿನಿಂದ ಪೂರ್ತಿ ಕತ್ತರಿಸಿ ತೆಗೆದು, ಜಿಂಕೆಗೆ ಕಟ್ಟಬೇಕು. ಎರಡನೆಯದು ಕಮರಿಗೇ ಸೇರಿದ ಕೆಲಸ. ಕೊಂಬಿಗೆ ಹಗ್ಗ ಹಾಕಿ ಪೈನ್ ಬುಡಕ್ಕೆ ಬಿಗಿದೆವು. ಇಷ್ಟು ಓರೆಯಲ್ಲಿ ಚರ್ಮ ಬಿಡಿಸುತ್ತ ಒಂದು ಕಾಲು ಎತ್ತಿದರೆ ಸಾಕು, ಇಡೀ ಮೈ ಜಾರಿ ಹೊರಟುಬಿಡುತ್ತದೆ, ಚಾಕು ಹಿಡಿದ ಕೈಯನ್ನೂ ಎಳೆದುಕೊಂಡು. ಹೊಟ್ಟೆ ಸೀಳದೆ ಮಾಂಸ ಬಿಡಿಸುವ ಪದ್ಧತಿ ಇಲ್ಲಿ ರೂಢಿ. ಒಂದು ಮಗ್ಗುಲ ಚರ್ಮ ಬೆನ್ನಿನಿಂದ ಕೆಳಕ್ಕೆ ಬಿಡಿಸಿ, ಮುಂಗಾಲು ತೆಗೆದು, ಹಿಂದಿನ ತೊಡೆ ತೆಗೆದು, ಬೆನ್ನೆಲುಬಿನ ಉದ್ದಕ್ಕೂ ಇರುವ ಬೆನ್ನಿನ ಮಾಂಸವನ್ನು ಒಂದೇ ಪಟ್ಟಿಯಾಗಿ ಎತ್ತುವುದು. ಕೊನೆಯ ಪಕ್ಕೆಲುಬಿನ ಹಿಂದಿನಿಂದ ಕೈ ಹಾಕಿದರೆ ಒಳಗಿನ ಮೆದು ಮಾಂಸವೂ ಬರುತ್ತದೆ. ಆಮೇಲೆ ಮಗ್ಗುಲು ಬದಲಿಸಿ ಅದೇ ಕೆಲಸ. ನಮ್ಮ ಟ್ಯಾಗ್ ಕೊಂಬಿನ ಗಂಡಿಗೆ ಮಾತ್ರ ಆದ್ದರಿಂದ, ಗಂಡೆಂದು ತೋರಿಸುವ ಗುರುತನ್ನು ಮಾಂಸಕ್ಕೆ ಅಂಟಿದಂತೆಯೇ ಉಳಿಸಬೇಕು. ಬಿಡಿಸಿದ್ದನ್ನೆಲ್ಲ ಹತ್ತಿಯ ಚೀಲಗಳಿಗೆ ಹಾಕಿ ನೆರಳಿನ ಕೊಂಬೆಗೆ ತೂಗುಹಾಕಿದೆವು. ಬೇಟೆಯ ಮಾಂಸ ಕೆಡುವುದು ಬಿಸಿಯಿಂದ, ಆದಷ್ಟು ಬೇಗ ಗಾಳಿಯಾಡಿ ತಣಿಯಬೇಕು.

ಬೆನ್ನೆಲುಬನ್ನು ಅಲ್ಲೇ ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 2021ರ ನವೆಂಬರ್‌ನಲ್ಲಿ ಐಡಾಹೊದಲ್ಲಿ ಮೊದಲ ಬಾರಿಗೆ ಜಿಂಕೆಗಳ ಕ್ಷಯಿಸುವ ರೋಗ ದೃಢಪಟ್ಟಿತು, ಅದೂ ಇದೇ ಕಣಿವೆಯ ಸ್ಲೇಟ್ ಕ್ರೀಕ್ ಭಾಗದಲ್ಲಿ ಹೊಡೆದ ಎರಡು ಮ್ಯೂಲ್ ಡಿಯರ್‌ಗಳಲ್ಲಿ. ಪ್ರಿಯಾನ್ ಎಂಬ ತಿರುಚಿಕೊಂಡ ಪ್ರೋಟೀನಿನಿಂದ ಬರುವ ಕಾಯಿಲೆ. ಔಷಧಿಯಿಲ್ಲ, ತಗುಲಿದ ಜಿಂಕೆ ಉಳಿಯುವುದಿಲ್ಲ, ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ಬಂದ ದಾಖಲೆಯಿಲ್ಲ, ಆದರೂ ರೋಗವಿದೆಯೆಂದು ತಿಳಿದ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಆರೋಗ್ಯ ಇಲಾಖೆಗಳು ಹೇಳುತ್ತವೆ. ಹಾಗಾಗಿ ರೋಗ ಕಂಡ ಈ ವಲಯದಿಂದ ಮಿದುಳು, ಬೆನ್ನುಹುರಿ ಹೊರಗೆ ಹೋಗುವಂತಿಲ್ಲ, ಹೊಡೆದ ಜಿಂಕೆಯ ಮಾದರಿ ಪರೀಕ್ಷೆಗೆ ಹೋಗಬೇಕು. ಈ ನಿಯಮಗಳಿಗೆ ಗೊಣಗುವ ಬೇಟೆಗಾರರೂ ಇದ್ದಾರೆ. ನನಗೆ ಅವರ ಮಾತು ಒಪ್ಪಿಗೆಯಿಲ್ಲ. ಇಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ ಈ ಕಣಿವೆಗಳಲ್ಲಿ ಸಾವಿರಾರು ವರ್ಷ ಬೇಟೆಯಾಡಿ ಬದುಕಿದವರು, ಅಮೆರಿಕ ಸರ್ಕಾರದ ಜೊತೆಗಿನ 1855ರ ಒಪ್ಪಂದದಲ್ಲೂ ತಮ್ಮ ಬೇಟೆಯ ಹಕ್ಕನ್ನು ಬಿಟ್ಟುಕೊಡದೆ ಉಳಿಸಿಕೊಂಡವರು. ಅವರ ಮೊಮ್ಮಕ್ಕಳ ಕಾಲಕ್ಕೂ ಜಿಂಕೆ ಇಲ್ಲಿ ಮೇಯುತ್ತಿರಬೇಕಾದರೆ, ಹೊರಗಿನಿಂದ ಬಂದ ನಾನು ಒಂದು ತಲೆಯನ್ನು ಪರೀಕ್ಷೆಗೆಂದು ಹೊತ್ತು ತಂದು ಕೊಡುವುದು ದೊಡ್ಡ ಮಾತಲ್ಲ.

ಮೂಳೆ ಬಿಡಿಸಿದ ಮಾಂಸ ಎಪ್ಪತ್ತು ಪೌಂಡಿನ ಆಸುಪಾಸು. ನನ್ನ ಚೀಲಕ್ಕೆ ತೊಡೆಗಳೂ ಬೆನ್ನಿನ ಮಾಂಸವೂ ಬಂದವು, ಗೆಳೆಯರ ಚೀಲಕ್ಕೆ ಉಳಿದ ಮಾಂಸದ ಜೊತೆ ತಲೆ. ಭಾರವನ್ನು ಬೆನ್ನಿಗೆ ಆದಷ್ಟು ಹತ್ತಿರಕ್ಕೆ, ಭುಜದ ಮಟ್ಟಕ್ಕೆ ಬಿಗಿದುಕೊಂಡೆವು. ಕೆಳಗೆ ಜೋತುಬಿದ್ದ ಭಾರ ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಕೋವಿಗಳಲ್ಲಿದ್ದ ತೋಟಾಗಳನ್ನು ಇಬ್ಬರೂ ತೆಗೆದು, ಒಬ್ಬರಿಗೊಬ್ಬರು ತೋರಿಸಿ ಖಚಿತ ಮಾಡಿಕೊಂಡೆವು. ಕರುಳು ಎಲುಬಿನ ರಾಶಿಯ ಹತ್ತಿರ ಮಾಂಸ ಇಟ್ಟು ಬೆಳಗ್ಗೆ ಬರೋಣ ಎಂಬ ಯೋಚನೆ ಇಲ್ಲಿ ನಡೆಯದು. ಕರಡಿಯೂ ಕೂಗರ್ ಎಂಬ ಬೆಟ್ಟದ ಸಿಂಹವೂ ಇರುವ ನೆಲ.

ಇಳಿಯುವಾಗ ಕತ್ತಲಾಯಿತು. ಒಂದು ಊರುಗೋಲನ್ನು ಕೆಳಗೆ ಊರಿ, ಅದಕ್ಕೆ ಭಾರ ಬಿಟ್ಟು, ಆಮೇಲೆ ಒಂದು ಹೆಜ್ಜೆ. ಮತ್ತೆ ಊರುಗೋಲು, ಮತ್ತೆ ಹೆಜ್ಜೆ. ಹೆಜ್ಜೆಯ ಉದ್ದ ಒಂದು ಗೇಣಿಗಿಂತ ಹೆಚ್ಚಿರಲಿಲ್ಲ. ಹುಲ್ಲು ಜಾರುವ ಕಡೆ ಕೂತೇ ಇಳಿದೆವು. ಬೆಳಗ್ಗೆ ಹತ್ತುವಾಗ ನಕ್ಷೆಯಲ್ಲಿ ಗುರುತು ಹಾಕಿಟ್ಟ ಜಾಗಗಳು ಈಗ ಒಂದೊಂದಾಗಿ ಕೆಲಸಕ್ಕೆ ಬಂದವು: ಬರೆಯನ್ನು ಬಳಸುವ ಎಡೆ, ಪಾಯ್ಸನ್ ಐವಿ ಇಲ್ಲದ ಕೊರಕಲಿನ ದಾಟು, ಬೇಲಿಯ ಗೇಟು. ಗೆಳೆಯರು ಆಗಾಗ ನಿಂತು, "ನೀರು ಕುಡಿ" ಅನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಗೇಟನ್ನು ಇದ್ದಂತೆಯೇ ಮುಚ್ಚಿದೆವು. ರ‍್ಯಾಂಚಿನ ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಮರುದಿನ ಬೆಳಗ್ಗೆ ಬೆನ್ನಿನ ಮಾಂಸದ ಒಂದು ತುಂಡನ್ನು ಅಜ್ಜಿಗೆ ಕೊಟ್ಟು, ತಲೆಯನ್ನು ಮಾದರಿ ತೆಗೆಯುವಲ್ಲಿಗೆ ಒಯ್ದೆವು. ಗಂಟಲ ಹಿಂದಿನ ದುಗ್ಧಗ್ರಂಥಿಗಳನ್ನು ಅಲ್ಲಿ ತೆಗೆದುಕೊಂಡರು.

ವರದಿ ಬರುವವರೆಗೆ ಮಾಂಸ ಫ್ರೀಜರಿನಲ್ಲಿ ಚೀಟಿ ಹಚ್ಚಿಕೊಂಡು ಕೂತಿತ್ತು. ರೋಗ ಪತ್ತೆಯಾಗಿಲ್ಲ ಎಂದು ಬಂದ ದಿನವೇ ನನ್ನ ಹೆಂಡತಿ ತೊಡೆಯ ಮಾಂಸ ಹೊರಗೆ ತೆಗೆದಳು. ಜಿಂಕೆಯ ಕೊಬ್ಬು ಮೇಣದಂತೆ ಬಾಯಿಗೆ ಮೆತ್ತಿಕೊಳ್ಳುತ್ತದೆ. ಅದನ್ನೂ ಬಿಳಿ ಪೊರೆಯನ್ನೂ ಪೂರ್ತಿ ಬಿಡಿಸಿ, ಕೊತ್ತಂಬರಿ ಬೀಜ, ಮೆಣಸು, ಒಣಮೆಣಸಿನಕಾಯಿ ಹುರಿದು ಅರೆದು, ಕುಕ್ಕರಿನಲ್ಲಿ ಕುರಿ ಮಾಂಸಕ್ಕಿಂತ ಎರಡು ಸೀಟಿ ಹೆಚ್ಚು ಕೂಗಿಸಿ ಸಾರು ಮಾಡಿದಳು. ಬೆನ್ನಿನ ಮಾಂಸಕ್ಕೆ ಮಸಾಲೆಯೇ ಬೇಡ, ಕಾದ ಕಾವಲಿಯಲ್ಲಿ ಬೆಣ್ಣೆ, ಉಪ್ಪು, ಕಾಳುಮೆಣಸು ಹಾಕಿ ಎರಡೂ ಬದಿ ಮೂರು ಮೂರು ನಿಮಿಷ. ಗೆಳೆಯರ ಪಾಲನ್ನು ಅವರ ಮನೆಗೆ ಮುಟ್ಟಿಸಿ, ಜೊತೆಗೆ ಒಂದು ಡಬ್ಬಿ ಸಾರನ್ನೂ ಕೊಟ್ಟು ಬಂದೆ.

"ಎಲ್ಲಾ ಸರಿ ಕಣ್ರೀ, ಕಾಲಿನ ಮೂಳೆ ಯಾಕೆ ಬಿಟ್ಟು ಬಂದ್ರಿ? ಮಕ್ಕಳಿಗೆ ಸೂಪ್ ಆಗ್ತಿತ್ತಲ್ಲ" ಎಂದಳು. ಕಾಲಿನ ಮೂಳೆಗೆ ವಲಯದ ನಿಯಮದ ಅಡ್ಡಿಯಿಲ್ಲ, ನಾವು ಭಾರ ಇಳಿಸಲೆಂದು ಬಿಡಿಸಿದ್ದು. ಬರುವ ಅಕ್ಟೋಬರ್‌ಗೆ ಟ್ಯಾಗ್ ತೆಗೆದುಕೊಂಡಿದ್ದೇನೆ, ಗುಡ್ಡಗಳಲ್ಲಿ ಹತ್ತಿಳಿಯುವಾಗ ಚೀಲಕ್ಕೆ ಇನ್ನೊಂದು ಕ್ಯಾನ್ ನೀರು ಹೆಚ್ಚು ತುಂಬುತ್ತಿದ್ದೇನೆ. ಕಾಲುಗಳನ್ನು ಈ ಸಲ ಮೂಳೆ ಸಮೇತ ಹೊತ್ತು ತರಬೇಕು.